ಸೋರುತ್ತಿದ್ದ, ಕೂಗುತ್ತಿದ್ದ ಡಿಫರೆನ್ಷಿಯಲ್: ಹಳೇ ಕಾರಿನ ಒಂದು ದೊಡ್ಡ ರಿಪೇರಿ

ನನ್ನ ಹಳೇ ಕಾರಿನ ಹಿಂದಿನ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಕೆಲಸ ಕೊನೆಗೂ ಮುಗಿಯಿತು. ತಿಂಗಳುಗಟ್ಟಲೆ ಎಳೆದ ಕೆಲಸ. ಇದೇ ತೊಂದರೆಯಲ್ಲಿ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಕಾರು 1970ರ ದಶಕದ್ದು. ಹಿಂದಿನ ಚಕ್ರಗಳಿಗೆ ಡ್ರೈವ್, ಒಂದೇ ಗಟ್ಟಿ ಆಕ್ಸಲ್, ಹಿಂದುಗಡೆ ಬೋಲ್ಟ್ ಹಾಕಿ ಕೂರಿಸಿದ ತಗಡಿನ ಕವರ್. ಆ ಕಾಲದ ಎಷ್ಟೋ ಕಾರುಗಳಲ್ಲಿ ಇದೇ ಜೋಡಣೆ ಇದೆ. ಹಾಗಾಗಿ ಇಲ್ಲಿನ ಮಾತು ಬಹಳ ಜನರಿಗೆ ಹೊಂದುತ್ತದೆ. ಅಳತೆಗಳನ್ನು ಮಾತ್ರ ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುವಲ್ ನೋಡಿಯೇ ತೆಗೆದುಕೊಳ್ಳಿ.

ಮೊದಲು ಶುರುವಾದದ್ದು ಸೋರಿಕೆ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಕಡೆ, ಅಂದರೆ ಪಿನಿಯನ್ (ಆ ಶಾಫ್ಟ್ ಸುತ್ತಿಸುವ ಸಣ್ಣ ಗೇರ್) ಮೂತಿಯಲ್ಲಿ, ಜಿಡ್ಡು ಕಾಣಿಸಿಕೊಂಡಿತು. ಆಮೇಲೆ ನೆಲದ ಮೇಲೆ ತೊಟ್ಟು. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಆಯಿಲ್ ಸೀಲ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಬದಲಿಸಿ ಅದೇ ದಿನ ಸಂಜೆ ಗಾಡಿ ಕೊಟ್ಟರು. ಪಿನಿಯನ್ ನಟ್ಟನ್ನು ಅವರು ಏರ್ ಗನ್ ಹಿಡಿದು ಗರ್ ಅಂತ ಬಿಗಿದಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಲ್ಪ ದಿನ ನೆಲ ಒಣಗಿತ್ತು. ಆಮೇಲೆ ಹಿಂದಿನ ಸೀಟಿನ ಕೆಳಗಿಂದ ಒಂದು ಸಣ್ಣ ಗುಂಯ್ ಶುರುವಾಯಿತು. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಕಿವಿ ಹತ್ತಿರ ದುಂಬಿ ಸುತ್ತಿದ ಹಾಗೆ. 80ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಜೊತೆ ಜೋರಾಗಿ ಮಾತಾಡಬೇಕು. ಸೋರಿಕೆಯೂ ವಾಪಸ್ ಬಂತು, ಮೊದಲಿಗಿಂತ ಜಾಸ್ತಿ. ಸೀಲ್ ಹೊಸದು, ಆದರೂ ಯಾಕೆ ಸೋರುತ್ತಿದೆ? ಈ ಒಂದು ಪ್ರಶ್ನೆ ಹಿಡಿದು ಹೊರಟಿದ್ದರಿಂದಲೇ ಕೆಲಸ ಸರಿಯಾಯಿತು ಅಂತ ಈಗ ಅನಿಸುತ್ತದೆ.

ಬಿಚ್ಚುವ ಮೊದಲು ಶಬ್ದ ಎಲ್ಲಿಂದ ಬರುತ್ತಿದೆ ಅಂತ ಖಚಿತ ಮಾಡಿಕೊಳ್ಳಬೇಕು. ಹಳೇ ಕಾರಿನಲ್ಲಿ ಶಬ್ದ ನೆಲದ ತಗಡಿನಲ್ಲಿ ಓಡಾಡುತ್ತದೆ. ಹಿಂದಿನದ್ದು ಮುಂದೆ ಕೇಳಿಸುತ್ತದೆ. ನಾನು ಮಾಡಿದ್ದು ಇಷ್ಟು. ನುಣುಪಾದ ರಸ್ತೆ, ಒರಟು ರಸ್ತೆ ಎರಡರಲ್ಲೂ ಓಡಿಸಿದೆ. ರಸ್ತೆ ಬದಲಾದಾಗ ಶಬ್ದವೂ ಬದಲಾದರೆ ಅದು ಟೈರಿನದ್ದು. ನನ್ನದು ಬದಲಾಗಲಿಲ್ಲ. ಖಾಲಿ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ಗಾಡಿ ತಾನಾಗಿ ಉರುಳಲು ಬಿಟ್ಟೆ. ಶಬ್ದ ಹಾಗೇ ಇತ್ತು. ಹಾಗಾಗಿ ಎಂಜಿನ್ ಅಲ್ಲ. ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ನೋಡಿದೆ. ಭಾರ ಒಂದು ಕಡೆ ಬಿದ್ದಾಗ ಶಬ್ದ ಹೆಚ್ಚಾಗಿ, ಇನ್ನೊಂದು ಕಡೆ ಬಿದ್ದಾಗ ಕಡಿಮೆಯಾದರೆ ಚಕ್ರದ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಅದೂ ಅಲ್ಲ. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಒಳಗಿನ ಸ್ಟಾರ್ ಗೇರುಗಳ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಸಣ್ಣ ಗೇರುಗಳು) ಕಡೆ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಕ್ರೌನ್ ವೀಲ್ (ಪಿನಿಯನ್ ಸುತ್ತಿಸುವ ದೊಡ್ಡ ಗೇರ್) ಮತ್ತು ಪಿನಿಯನ್ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ ಅಂತ ಅನುಮಾನ ಪಡಬಹುದು. ನನ್ನ ಗಾಡಿಯಲ್ಲಿ ಒತ್ತಿದರೂ ಬಿಟ್ಟರೂ ಹೆಚ್ಚುಕಡಿಮೆ ಒಂದೇ ಗುಂಯ್. ವೇಗ ಏರಿದಂತೆ ಅದೂ ಏರುತ್ತಿತ್ತು. ಇದು ಬೇರಿಂಗಿನ ಲಕ್ಷಣ. ಪಿನಿಯನ್ ಬೇರಿಂಗ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ಸುತ್ತುವುದರಿಂದ ಅದರ ದನಿಯೂ ಸಣ್ಣಗೆ, ಏರುದನಿಯಲ್ಲಿ ಇರುತ್ತದೆ.

ಆಮೇಲೆ ಗಾಡಿ ಎತ್ತಿದೆ. ಒಂದು ಎಚ್ಚರಿಕೆ. ಬಹಳಷ್ಟು ಕಾರುಗಳ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ಹಿಂದಿನ ಚಕ್ರ ನೆಲ ಬಿಟ್ಟರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಮೇಲೆ ಗಾಡಿ ಕೂರಿಸಿದ ಮೇಲೆಯೇ ಕೆಳಗೆ ಹೋಗಿ. ಬರೀ ಜಾಕ್ ನಂಬಿ ಯಾವತ್ತೂ ಹೋಗಬೇಡಿ.

ಪ್ರೊಪೆಲ್ಲರ್ ಶಾಫ್ಟ್ ಕಳಚಿ ಪಿನಿಯನ್ ಫ್ಲ್ಯಾಂಜ್ (ಶಾಫ್ಟಿಗೆ ಬೋಲ್ಟ್ ಹಾಕುವ ತಟ್ಟೆ) ಹಿಡಿದು ಅಲ್ಲಾಡಿಸಿದೆ. ಸುತ್ತುವ ದಿಕ್ಕಿನಲ್ಲಿ ಒಂದು ಚೂರು ಪ್ಲೇ, ಅಂದರೆ ಅಲ್ಲಾಟ, ಇರುವುದು ಸಹಜ, ಇರಲೇಬೇಕು. ಆದರೆ ಮೇಲೆ ಕೆಳಗೆ ಇರಬಾರದು. ನನ್ನದು ಮೇಲೆ ಕೆಳಗೆ ಅಲ್ಲಾಡಿತು. ಸೀಲ್ ಯಾಕೆ ಸೋರುತ್ತಿದೆ ಅನ್ನುವುದಕ್ಕೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಫ್ಲ್ಯಾಂಜೇ ಓಲಾಡುತ್ತಿದ್ದರೆ ರಬ್ಬರ್ ತುಟಿ ಎಣ್ಣೆಯನ್ನು ಹೇಗೆ ತಡೆಯುತ್ತದೆ? ಎಷ್ಟು ಹೊಸ ಸೀಲ್ ಹಾಕಿದರೂ ಅದೇ ಕಥೆ.

ಬ್ರೀದರ್ ಕೂಡ ನೋಡಿ. ಆಕ್ಸಲ್ ಕೊಳವೆಯ ಮೇಲೆ ಗಾಳಿಯಾಡಲು ಒಂದು ಸಣ್ಣ ಕಿಂಡಿ ಇರುತ್ತದೆ. ನನ್ನದು ಮಣ್ಣು ಮತ್ತು ಹಳೇ ಪೇಂಟಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಸೀಲ್ ಸಂದಿಯಿಂದ ಎಣ್ಣೆಯನ್ನು ದೂಡುತ್ತದೆ. ಬೇರೇನೂ ತೊಂದರೆ ಇಲ್ಲದ ಗಾಡಿಯಲ್ಲಿ ಇದೊಂದನ್ನು ಶುಚಿ ಮಾಡಿದರೆ ಸೋರಿಕೆ ನಿಂತುಬಿಡಬಹುದು. ಖರ್ಚಿಲ್ಲದ ಕೆಲಸ, ಮೊದಲು ಮಾಡಿ. ನನ್ನ ಗಾಡಿಯಲ್ಲಿ ಸೋರಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ.

ಎಣ್ಣೆ ಇಳಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ಎಣ್ಣೆ ಪೂರ್ತಿ ಇಳಿಸಿ, ತುಂಬುವ ಪ್ಲಗ್ ಜಾಮ್ ಆಗಿದೆ ಅಂತ ಆಮೇಲೆ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. ನನ್ನದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕಾಯಿತು. ಬಂದ ಎಣ್ಣೆಯ ಮೇಲೆ ಬೆಳ್ಳಿಯ ಮಿನುಗು. ಮ್ಯಾಗ್ನೆಟ್‌ಗೆ ಬೂದು ಬಣ್ಣದ ನುಣ್ಣನೆ ಮಡ್ಡಿ ಅಂಟಿರುವುದು ಎಲ್ಲ ಹಳೇ ಡಿಫರೆನ್ಷಿಯಲ್‌ನಲ್ಲೂ ಇದ್ದದ್ದೇ. ಬೆರಳಿನಿಂದ ತಿಕ್ಕಿದಾಗ ಚುಚ್ಚುವ ಚೂರುಗಳು ಸಿಕ್ಕಿದರೆ ಒಳಗೆ ಏನೋ ಒಡೆಯುತ್ತಿದೆ ಅಂತ ಅರ್ಥ. ನನಗೆ ಸಿಕ್ಕಿದವು. ಎಣ್ಣೆಯ ಮಟ್ಟವೂ ಬಹಳ ಇಳಿದಿತ್ತು. ಪಿನಿಯನ್‌ನ ಮುಂದಿನ ಬೇರಿಂಗ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಕ್ರೌನ್ ವೀಲ್ ಸುತ್ತುವಾಗ ಎರಚಿದ ಎಣ್ಣೆ ಒಂದು ಕಾಲುವೆಯಲ್ಲಿ ಹರಿದು ಅಲ್ಲಿಗೆ ತಲುಪಬೇಕು. ಮಟ್ಟ ಇಳಿದರೆ ಮೊದಲು ಒಣಗುವುದು ಅದೇ.

ಇಲ್ಲಿ ಎರಡು ದಾರಿ ಇತ್ತು. ಹಳೇ ಸಾಮಾನಿನವರ ಹತ್ತಿರ ಒಂದು ಪೂರ್ತಿ ಆಕ್ಸಲ್ ಇತ್ತು, ಬೆಲೆಯೂ ಕಡಿಮೆ. ಆಸೆಯೇನೋ ಆಯಿತು. ಆದರೆ ಅದರ ಗೇರ್ ಅನುಪಾತ ಬೇರೆ. ನನ್ನದರಲ್ಲಿ ಕ್ರೌನ್ ವೀಲ್‌ಗೆ 43 ಹಲ್ಲು, ಪಿನಿಯನ್‌ಗೆ 11. ಭಾಗಿಸಿದರೆ 3.909. ಅದು 41ಕ್ಕೆ 10, ಅಂದರೆ 4.1. ಹಾಕಿದ್ದರೆ ಅದೇ ವೇಗಕ್ಕೆ ಎಂಜಿನ್ ಸುಮಾರು 5 ಶೇಕಡಾ ಹೆಚ್ಚು ಸುತ್ತಬೇಕು. ನನ್ನ ಗಾಡಿಯ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್ ಹಿಂಭಾಗದಿಂದ ಬರುವುದರಿಂದ ಅದೂ ಅಷ್ಟೇ ಹೆಚ್ಚು ತೋರಿಸುತ್ತದೆ. ಮೇಲಾಗಿ ಅದರ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು? ಬೇಡ ಅಂದೆ. ಬಿಚ್ಚದೆ ಅನುಪಾತ ತಿಳಿಯಬೇಕಾದರೆ ಒಂದು ಉಪಾಯ ಇದೆ. ಒಂದು ಚಕ್ರ ನೆಲದ ಮೇಲೇ ಇರಲಿ. ಇನ್ನೊಂದನ್ನು ಎತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಹೋಯಿತೋ ಅದೇ ಅನುಪಾತ.

ಖರ್ಚಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬೇರಿಂಗ್, ಸೀಲ್, ಸ್ಪೇಸರ್, ನಟ್ಟು ಇವೆಲ್ಲ ಸೇರಿದರೂ ದೊಡ್ಡ ಮೊತ್ತ ಅಲ್ಲ. ಹೆಚ್ಚು ಹಣ ಹೋಗುವುದು ಕೈಕೆಲಸಕ್ಕೆ, ಅದು ಹೋಗಬೇಕಾದದ್ದೇ. ಎಲ್ಲಕ್ಕಿಂತ ದುಬಾರಿ ಕ್ರೌನ್ ಮತ್ತು ಪಿನಿಯನ್ ಜೋಡಿ. ಒಳಗೆ ಕಣ್ಣಾರೆ ನೋಡುವ ತನಕ ಅದನ್ನು ಆರ್ಡರ್ ಮಾಡಬೇಡಿ.

ಬಿಚ್ಚುವ ಕೆಲಸದಲ್ಲಿ ಕಾಟ ಕೊಟ್ಟದ್ದು ಡಿಫರೆನ್ಷಿಯಲ್ ಅಲ್ಲ, ಬ್ರೇಕ್. ಆಕ್ಸಲ್ ಶಾಫ್ಟ್ ಹೊರಗೆ ಎಳೆಯಲು ಬ್ರೇಕ್ ಪ್ಲೇಟ್ ಬಿಡಿಸಬೇಕಿತ್ತು. ಬ್ರೇಕ್ ಪೈಪಿನ ನಟ್ಟು ತುಕ್ಕು ಹಿಡಿದು ಪೈಪಿನ ಜೊತೆಗೇ ತಿರುಗಿ ಮುರಿಯಿತು. ಡ್ರಮ್ ತೆಗೆದರೆ ಒಂದು ಕಡೆಯ ಬ್ರೇಕ್ ಶೂ ಗೇರ್ ಎಣ್ಣೆಯಲ್ಲಿ ನೆಂದಿದೆ. ಆಕ್ಸಲ್ ತುದಿಯ ಸೀಲ್ ಕೂಡ ಹೋಗಿತ್ತು. ಎಣ್ಣೆ ಹೀರಿದ ಲೈನಿಂಗ್ ತೊಳೆದು ಮತ್ತೆ ಹಾಕಬಾರದು. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಬ್ರೇಕ್ ಒಂದು ಕಡೆ ಎಳೆಯುತ್ತದೆ. ಎರಡೂ ಕಡೆಯ ಶೂ, ಹೊಸ ಪೈಪು, ತುದಿಯ ಸೀಲುಗಳು, ಎಲ್ಲ ಪಟ್ಟಿಗೆ ಸೇರಿದವು. ಲೆಕ್ಕದಲ್ಲಿ ಇಲ್ಲದ ಖರ್ಚು ಇದು. ನೀವು ಮೊದಲೇ ಇಟ್ಟುಕೊಳ್ಳಿ.

ಕವರ್ ತೆಗೆದ ಮೇಲಿನ ಕೆಲಸಕ್ಕೆ ಗೇರ್ ಕೆಲಸ ಮಾತ್ರ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಕಾಗದ. "ಮ್ಯಾನ್ಯುವಲ್ ತಂದಿದ್ದೀರಾ ಸಾರ್? ಹೌಸಿಂಗ್ ಮೇಲಿನ ನಂಬರ್ ಬರಕೊಂಡಿದ್ದೀರಾ?" ನಾನು ಎರಡೂ ತಂದಿದ್ದೆ. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಹಳೇ ಕಾರುಗಳಲ್ಲಿ ಒಂದೇ ಮಾಡೆಲ್‌ಗೆ ಮಧ್ಯದಲ್ಲಿ ಆಕ್ಸಲ್ ಬದಲಾಗಿರುವುದುಂಟು. ಗಾಡಿಯ ವರ್ಷ ಹೇಳಿದರೆ ಸಾಲದು, ಆಕ್ಸಲ್ ನಂಬರೇ ಬೇಕು. ಕೊಳಕು ಕೆರೆದು, ಫೋಟೋ ತೆಗೆದಿಟ್ಟುಕೊಳ್ಳಿ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. ಬಿಚ್ಚುವ ಮುಂಚೆಯೇ ಎಲ್ಲ ಅಳೆದರು. ಡಯಲ್ ಗೇಜ್ ಹಚ್ಚಿ ಕ್ರೌನ್ ಹಲ್ಲಿನ ಬ್ಯಾಕ್‌ಲ್ಯಾಶ್ (ಕೂಡುವ ಹಲ್ಲುಗಳ ನಡುವಿನ ಸಂದು) ನಾಲ್ಕು ಜಾಗದಲ್ಲಿ ನೋಡಿ ಒಂದು ಹಾಳೆಯಲ್ಲಿ ಬರೆದರು. ಹಲ್ಲುಗಳಿಗೆ ಬಣ್ಣದ ಪೇಸ್ಟ್ ಬಳಿದು, ಸುತ್ತಿಸಿ, ಒತ್ತಿದ ಗುರುತು ಎಲ್ಲಿ ಬೀಳುತ್ತದೆ ಅಂತ ನೋಡಿದರು. ಸವೆದ ಹಲ್ಲುಗಳು ವರ್ಷಗಳಿಂದ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಅದೇ ಜೋಡಿ ಮತ್ತೆ ಹಾಕುವುದಾದರೆ ಹಿಂದೆ ಹೇಗಿತ್ತೋ ಹಾಗೇ ಕೂರಿಸಬೇಕು. ಬಿಚ್ಚಿದ ಮೇಲೆ ಆ ಮಾಹಿತಿ ಎಲ್ಲಿಂದ ತರುವುದು? ಬೇರಿಂಗ್ ಕ್ಯಾಪುಗಳಿಗೆ ಪಂಚ್‌ನಿಂದ ಎಡ ಬಲ ಗುರುತು ಹಾಕಿದರು. ಅವನ್ನು ಹೌಸಿಂಗ್ ಜೊತೆ ಸೇರಿಸಿಯೇ ಬೋರ್ ಮಾಡಿರುತ್ತಾರೆ, ಅದಲುಬದಲಾದರೆ ಕೂರುವುದಿಲ್ಲ. ಪ್ರತಿ ಶಿಮ್ಮನ್ನೂ (ಅಂತರ ಸರಿಹೊಂದಿಸುವ ತೆಳು ಲೋಹದ ಬಿಲ್ಲೆ) ಯಾವ ಕಡೆಯದು ಅಂತ ಬರೆದು ಬೇರೆ ಬೇರೆ ಕವರಿಗೆ ಹಾಕಿದರು.

ಪಿನಿಯನ್ ಹೊರಗೆ ಬಂತು. ಮುಂದಿನ ಬೇರಿಂಗನ್ನು ಬೆಳಕಿಗೆ ಹಿಡಿದು ತೋರಿಸಿದರು. ರೋಲರ್ ಓಡುವ ಹೊರ ಉಂಗುರದ ಮೇಲೆ ಬಿಸಿಗೆ ನೀಲಿ ತಿರುಗಿದ ಪಟ್ಟಿ. ಅದರ ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಗಳು. ಒಂದು ಕಡೆ ಲೋಹದ ಸಿಪ್ಪೆಯೇ ಎದ್ದಿದೆ.

"ಇದನ್ನ ಯಾರೋ ಸಿಕ್ಕಾಪಟ್ಟೆ ಬಿಗಿದಿದ್ದಾರೆ ಸಾರ್" ಅಂದರು.

ವಿಷಯ ಇದು. ಪಿನಿಯನ್‌ನ ಎರಡು ಬೇರಿಂಗ್‌ಗಳ ಮಧ್ಯೆ ಒಂದು ತೆಳು ಉಕ್ಕಿನ ಕೊಳವೆ ಇರುತ್ತದೆ. ಕ್ರಶ್ ಸ್ಪೇಸರ್ ಅಂತಾರೆ. ನಟ್ಟು ಬಿಗಿದಾಗ ಅದು ಅದುಮಿಕೊಳ್ಳುತ್ತದೆ. ಎಷ್ಟು ಅದುಮಿತು ಅನ್ನುವುದರ ಮೇಲೆ ಬೇರಿಂಗ್ ಮೇಲಿನ ಬಿಗಿತ, ಅಂದರೆ ಪ್ರಿಲೋಡ್, ನಿಂತಿದೆ. ಒಮ್ಮೆ ಅದುಮಿದರೆ ಮತ್ತೆ ಹಿಗ್ಗುವುದಿಲ್ಲ. ಬರೀ ಸೀಲ್ ಬದಲಿಸುವಾಗ ನಟ್ಟು ಇದ್ದ ಜಾಗಕ್ಕೆ ಗುರುತು ಹಾಕಿಕೊಂಡು, ವಾಪಸ್ ಬಿಗಿಯುವಾಗ ಮ್ಯಾನ್ಯುವಲ್ ಹೇಳಿದ ಹಾಗೆ ಪ್ರಿಲೋಡ್ ಅಳೆಯಬೇಕು. ಏರ್ ಗನ್ ಹಿಡಿದರೆ ಒಂದು ಕ್ಷಣದಲ್ಲಿ ಸ್ಪೇಸರ್ ಅಗತ್ಯಕ್ಕಿಂತ ಜಾಸ್ತಿ ಅದುಮಿ, ಬೇರಿಂಗ್ ಉಸಿರುಗಟ್ಟುತ್ತದೆ. ಬಿಸಿಯಾಗುತ್ತದೆ, ಸಿಪ್ಪೆ ಏಳುತ್ತದೆ, ಆಮೇಲೆ ಸವೆದು ಸಡಿಲವಾಗುತ್ತದೆ. ಸಡಿಲವಾದಾಗ ಫ್ಲ್ಯಾಂಜ್ ಓಲಾಡಿ ಹೊಸ ಸೀಲನ್ನೂ ಕೆಡಿಸುತ್ತದೆ. ಎಣ್ಣೆ ಕಡಿಮೆಯಾಗಿ ಬೇರಿಂಗ್ ಇನ್ನೂ ಬೇಗ ಸಾಯುತ್ತದೆ. ಸೋರಿಕೆ, ಶಬ್ದ ಎರಡೂ ಬೇರೆ ಬೇರೆ ಕಾಯಿಲೆ ಅಂದುಕೊಂಡಿದ್ದವರಿಗೆ ಇಷ್ಟು ಹೇಳಬೇಕಿತ್ತು. ಸಂಜೆಯೊಳಗೆ ಗಾಡಿ ಬೇಕು ಅನ್ನುವ ಅವಸರಕ್ಕೆ ಇಷ್ಟು ದೊಡ್ಡ ಬೆಲೆ. ಆ ಬೇರಿಂಗ್ ಕೈಯಲ್ಲಿ ಹಿಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಸಮಾಧಾನದ ವಿಷಯ ಅಂದರೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಚೆನ್ನಾಗಿದ್ದವು. ಎರಡರ ಮೇಲೂ ಒಂದೇ ಜೋಡಿ ನಂಬರ್ ಇತ್ತು. ಅವು ಕಾರ್ಖಾನೆಯಲ್ಲಿ ಜೋಡಿಯಾಗಿ ತಯಾರಾದವು, ಒಂದನ್ನು ಮಾತ್ರ ಬದಲಿಸುವ ಹಾಗಿಲ್ಲ.

ಇನ್ನು ಕಾಯುವಿಕೆ. ಬೇರಿಂಗ್ ಬೇಗ ಸಿಕ್ಕಿತು. ಬೇರಿಂಗ್ ಉಂಗುರದ ಮೇಲೇ ನಂಬರ್ ಕೊರೆದಿರುತ್ತದೆ, ಅದನ್ನು ಹೇಳಿದರೆ ಸಾಕು. ಕಾರಿನ ಹೆಸರು ಹೇಳಿ ಬೆಲೆ ಜಾಸ್ತಿ ಕೊಡಬೇಕಾಗಿಲ್ಲ. ಸೀಲ್ ಮಾತ್ರ ಸತಾಯಿಸಿತು. ಪಾರ್ಟ್ಸ್ ಕಳಿಸಿದವರು ಗಾಡಿಯ ವರ್ಷ ನೋಡಿ ಕಳಿಸಿದ್ದರು, ಆಕ್ಸಲ್ ನಂಬರ್ ನೋಡಿರಲಿಲ್ಲ. ಹೊರ ಅಳತೆ ಹೊಂದಲಿಲ್ಲ. ವಾಪಸ್ ಕಳಿಸಿ ಇನ್ನೊಂದು ಬರುವ ತನಕ ವಾರಗಟ್ಟಲೆ ಗಾಡಿ ಸ್ಟ್ಯಾಂಡ್ ಮೇಲೇ ಇತ್ತು. ದಿನಾ ಅದನ್ನು ಹಾಗೆ ನೋಡುವುದು ಬೇಜಾರಿನ ಕೆಲಸ. ಕೆಲವು ಸಲ ಮಾರಿಬಿಡೋಣ ಅಂತಲೂ ಅನಿಸಿತು. ಹಳೇ ಸೀಲ್ ಮುಖದ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಅಚ್ಚು ಹಾಕಿರುತ್ತಾರೆ. ಅದನ್ನು ಎಸೆಯಬೇಡಿ, ಹೊಸದು ಬಂದ ತಕ್ಷಣ ಪಕ್ಕದಲ್ಲಿಟ್ಟು ಹೋಲಿಸಿ.

ಫ್ಲ್ಯಾಂಜಿನ ಮೇಲೆ ಸೀಲ್ ತುಟಿ ಉಜ್ಜಿ ಉಜ್ಜಿ ಒಂದು ಗೀರು ಬಿದ್ದಿತ್ತು. ಬೆರಳು ಆಡಿಸಿದರೆ ತಿಳಿಯುವಷ್ಟು ಆಳ. ಇದರ ಮೇಲೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ಹೊಸ ಫ್ಲ್ಯಾಂಜ್ ಸಿಗಲಿಲ್ಲ. ಅದಕ್ಕೆ ತೆಳ್ಳನೆ ಸ್ಟೇನ್‌ಲೆಸ್ ರಿಪೇರಿ ತೋಳು (ಸ್ಲೀವ್) ಬರುತ್ತದೆ. ಅದನ್ನು ಬಡಿದು ಕೂರಿಸಿದರೆ ಸೀಲಿಗೆ ಹೊಸ ಮೈ ಸಿಕ್ಕಿದಂತೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಲಾಭ ಕೊಟ್ಟದ್ದು ಈ ಸಣ್ಣ ತೋಳು.

ಜೋಡಿಸುವ ದಿನ ನಾನು ಪಕ್ಕದಲ್ಲೇ ಇದ್ದೆ. ಹಳೇ ಪಿನಿಯನ್ ಶಿಮ್ಮನ್ನೇ ಹಾಕಿ, ಹೊಸ ಬೇರಿಂಗ್ ಬಿಸಿ ಮಾಡಿ ಕೂರಿಸಿದರು. ಹೊಸ ಸ್ಪೇಸರ್, ಹೊಸ ನಟ್ಟು. ಆಮೇಲೆ ಉದ್ದ ಹಿಡಿಕೆಯ ಸ್ಪ್ಯಾನರ್. ಸ್ಪೇಸರ್ ಅದುಮಲು ಶುರುವಾಗುವ ತನಕ ಬಹಳ ಬಲ ಬೇಕು, ಇಬ್ಬರೂ ಎಳೆದೆವು. ಅದು ಸೋತ ಮೇಲೆ ಒಂದೊಂದು ಕೂದಲೆಳೆಯಷ್ಟೇ. ಬಿಗಿಯುವುದು, ಕೈಯಿಂದ ಸುತ್ತಿಸುವುದು, ಅಳೆಯುವುದು. ನನ್ನ ಮ್ಯಾನ್ಯುವಲ್‌ನಲ್ಲಿ ಹೊಸ ಬೇರಿಂಗ್‌ಗೆ ಕೊಟ್ಟ ಪ್ರಿಲೋಡ್ 14ರಿಂದ 18 ಪೌಂಡ್-ಇಂಚು. 16 ಅಂದರೆ ಸುಮಾರು 1.8 ನ್ಯೂಟನ್ ಮೀಟರ್. ಫ್ಲ್ಯಾಂಜಿಗೆ ದಾರ ಕಟ್ಟಿ, ನಡುವಿನಿಂದ 4 ಸೆಂಟಿಮೀಟರ್ ದೂರದಲ್ಲಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದರೆ ಸುಮಾರು 4.6 ಕಿಲೋ ತೋರಿಸಬೇಕು. ಅಲುಗುವ ಕ್ಷಣದ ಲೆಕ್ಕ ಬೇಡ, ಒಂದೇ ಸಮ ಸುತ್ತುವಾಗಿನದನ್ನು ಓದಬೇಕು. ಕ್ರೌನ್ ವೀಲ್ ಇನ್ನೂ ಹಾಕಿರಬಾರದು. ಮಿತಿ ದಾಟಿದರೆ ನಟ್ಟು ಸಡಿಲಿಸಿ ಸರಿ ಮಾಡುವ ಹಾಗಿಲ್ಲ, ಎಲ್ಲ ಬಿಚ್ಚಿ ಇನ್ನೊಂದು ಸ್ಪೇಸರ್ ಹಾಕಬೇಕು. ಅದಕ್ಕೇ ಸ್ಪೇಸರ್ ಒಂದು ಹೆಚ್ಚಿಗೆ ತಂದಿಟ್ಟಿರಿ. ನಮಗೆ ಮೊದಲನೆಯದರಲ್ಲೇ ಬಂತು. ತಕ್ಕಡಿಯ ಮುಳ್ಳು ಬೇಕಾದ ಜಾಗದಲ್ಲಿ ನಿಂತಾಗ ಇಬ್ಬರೂ ಉಸಿರು ಬಿಟ್ಟೆವು.

ಆಮೇಲಿನದು ಬೇಗ ಆಯಿತು. ಕ್ರೌನ್ ಕೂರಿಸಿ ಬ್ಯಾಕ್‌ಲ್ಯಾಶ್ ನೋಡಿದರೆ 0.14 ಮಿಲಿಮೀಟರ್, ಹಳೇ ಹಾಳೆಯಲ್ಲಿ ಬರೆದದ್ದಕ್ಕೆ ಹತ್ತಿರ. ಬಣ್ಣದ ಗುರುತೂ ಹಲ್ಲಿನ ನಡುಭಾಗಕ್ಕೆ ಬಿತ್ತು. ಕವರಿನ ಎರಡೂ ಮೈ ಒಂದು ಚೂರೂ ಜಿಡ್ಡಿಲ್ಲದಂತೆ ಒರೆಸಿ, ಗ್ಯಾಸ್ಕೆಟ್ ಹಾಕಿ ಮುಚ್ಚಿದೆವು.

ಎಣ್ಣೆಯ ಬಗ್ಗೆ ಎರಡು ಮಾತು. ಈ ಆಕ್ಸಲ್‌ನಲ್ಲಿ ಇರುವುದು ಹೈಪಾಯ್ಡ್ ಗೇರ್. ಪಿನಿಯನ್ ಕ್ರೌನ್‌ನ ನಡುವಿಗಿಂತ ಕೆಳಗೆ ಕೂರುತ್ತದೆ. ಅದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಸಾಮಾನ್ಯ ಎಣ್ಣೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಗಂಧಕ, ರಂಜಕ ಸೇರಿಸಿದ ಜಿಎಲ್-5 ದರ್ಜೆಯ ಗೇರ್ ಎಣ್ಣೆ ಬೇಕು. ಆ ಘಾಟು ವಾಸನೆ ಗಂಧಕದ್ದೇ. ಕೆಲವು ಹಳೇ ಆಕ್ಸಲ್‌ಗಳಲ್ಲಿ ಕಂಚಿನ ಭಾಗಗಳಿರುತ್ತವೆ. ಕೆಲವು ಎಣ್ಣೆಯ ರಾಸಾಯನಿಕ ಬಿಸಿಯಲ್ಲಿ ಅದನ್ನು ತಿನ್ನಬಹುದು. ಅಂಥ ಗಾಡಿ ಇದ್ದರೆ ಹಳದಿ ಲೋಹಕ್ಕೆ ಸರಿಹೊಂದುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯೇ ನೋಡಿ ತನ್ನಿ. ನಾನು 80ಡಬ್ಲ್ಯೂ-90 ದಪ್ಪದ್ದು ಹಾಕಿದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು, ತುಂಬುವ ರಂಧ್ರದಿಂದ ಹೊರಗೆ ಬರುವ ತನಕ ತುಂಬಬೇಕು.

ಮೊದಲ ಸಲ ಓಡಿಸುವಾಗ ಕಿಟಕಿ ಎಲ್ಲ ಮುಚ್ಚಿ, ಕಿವಿ ಹಿಂದಕ್ಕೇ ಇಟ್ಟು ಹೋದೆ. 60 ದಾಟಿತು. 70. ಗಾಳಿಯ ಶಬ್ದ, ಎಂಜಿನ್ ಶಬ್ದ, ಅಷ್ಟೇ. ಹಿಂದಿನ ಸೀಟಿನಲ್ಲಿದ್ದ ಮಗಳು "ಅಪ್ಪಾ, ಆ ಗುಂಯ್ ಎಲ್ಲಿ ಹೋಯ್ತು?" ಅಂದಳು. ನನಗೆ ಮಾತೇ ಬರಲಿಲ್ಲ, ಅಷ್ಟು ಖುಷಿ.

ಆದರೆ ಅವತ್ತೇ ದೂರ ಹೋಗಲಿಲ್ಲ. ಹೊಸ ಬೇರಿಂಗ್ ಮೊದಮೊದಲು ಬಿಸಿಯಾಗುತ್ತದೆ. ಸುಮಾರು 20 ನಿಮಿಷ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟೆ. ಪಿನಿಯನ್ ಹತ್ತಿರ ಕೈ ಆಡಿಸಿ ನೋಡಿದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಸುಡುವಷ್ಟು ಬಿಸಿ ಇದ್ದರೆ ಮುಂದೆ ಓಡಿಸದೆ ಪ್ರಿಲೋಡ್ ಮತ್ತೆ ನೋಡಿಸಿ. ಮೊದಲ 800 ಕಿಲೋಮೀಟರ್ ಭಾರ ಹೇರಲಿಲ್ಲ, ಜೋರಾಗಿ ಎಳೆಸಲಿಲ್ಲ. ಆಮೇಲೆ ಎಣ್ಣೆ ಬದಲಿಸಿದೆ. ಮ್ಯಾಗ್ನೆಟ್ ಮೇಲೆ ನುಣ್ಣನೆ ಬೂದು ಮಡ್ಡಿ ಮಾತ್ರ, ಚೂರು ಒಂದೂ ಇಲ್ಲ. ಪಿನಿಯನ್ ಮೂತಿ ಒಣಗಿದೆ, ಬ್ರೇಕ್ ಡ್ರಮ್ಮುಗಳೂ ಒಣಗಿವೆ.

ರಿವರ್ಸ್ ಹಾಕಿದಾಗ ಒಂದು ಸಣ್ಣ ಟಕ್ ಇನ್ನೂ ಇದೆ. ಅದು ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಕ್ರಾಸ್ ಜಾಯಿಂಟಿನದ್ದು (ಶಾಫ್ಟ್ ಓರೆಯಾಗಿಯೂ ಸುತ್ತಲು ಬಿಡುವ ಕೀಲು), ಕೈಯಿಂದ ತಿರುಚಿದರೆ ಪ್ಲೇ ಗೊತ್ತಾಗುತ್ತದೆ. ಹೊಸದು ಆರ್ಡರ್ ಮಾಡಿದ್ದೇನೆ, ಈ ಸಲ ಹಳೇದರ ಕಪ್ ವ್ಯಾಸ ಮತ್ತು ಉದ್ದ ಅಳೆದು ಕಳಿಸಿದ್ದೇನೆ. ಆ ಮೆಕ್ಯಾನಿಕ್ ಬರೆದ ಅಳತೆಯ ಹಾಳೆಯನ್ನು ಮ್ಯಾನ್ಯುವಲ್ ಒಳಗೆ ಅಂಟಿಸಿದ್ದೇನೆ. ಮುಂದೆ ಯಾರು ಈ ಕವರ್ ತೆಗೆದರೂ ಯಾವ ಶಿಮ್ ಎಲ್ಲಿತ್ತು, ಬ್ಯಾಕ್‌ಲ್ಯಾಶ್ ಎಷ್ಟಿತ್ತು ಅಂತ ಅದರಲ್ಲಿ ಇದೆ.